ಇಪ್ಪತ್ಮೂರನೆಯ ಹೆಸರು

ಹೆಲ್ಮೆಟ್ಟು ತಲೆಯನ್ನು ಕಾಪಾಡುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಅದು ಮಾನವನ್ನೂ ಕಾಪಾಡುತ್ತದೆ ಎಂಬುದನ್ನು ನನ್ನಂಥ ಕೆಲವರು ಮಾತ್ರ ಬಲ್ಲರು. ಜಲನಗರದ ನಮ್ಮ ಮನೆಯಿಂದ ಕಚೇರಿಗೆ ಹೋಗುವ ಹದಿನೈದು ನಿಮಿಷಗಳಲ್ಲಿ, ಆ ದಿನ ನಾನು ಆಡಬೇಕಾದ ಮಾತುಗಳನ್ನೆಲ್ಲ ಹೆಲ್ಮೆಟ್ಟಿನ ಒಳಗೆ ಒಮ್ಮೆ ಆಡಿ ನೋಡುತ್ತೇನೆ. ಸಾಹೇಬರಲ್ಲಿ ಅರ್ಧ ದಿನದ ರಜೆ ಕೇಳುವ ವಾಕ್ಯ, ಪಕ್ಕದ ಮೇಜಿನವರಿಗೆ ಕಡತ ಹಿಂತಿರುಗಿಸುವಾಗ ಹೇಳಬೇಕಾದ ವಾಕ್ಯ, ಯಾರಾದರೂ ಮದುವೆಗೆ ಕರೆದರೆ ಹೇಳಬೇಕಾದ ವಾಕ್ಯ. ಗಾಜನ್ನು ಇಳಿಸಿಕೊಂಡರೆ ತುಟಿಗಳ ಚಲನೆ ಹೊರಗಿನವರಿಗೆ ತಿಳಿಯುವುದಿಲ್ಲ. ಆದರೆ ಮೊನ್ನೆ ಗಾಂಧಿ ಚೌಕದ ಗದ್ದಲದಲ್ಲಿ ಸಿಕ್ಕಿಕೊಂಡಾಗ, ಸೆಖೆಗೆ ಗಾಜು ಮೇಲೆತ್ತಿದ್ದನ್ನು ಮರೆತು, "ಮಾನ್ಯರೇ, ತಮ್ಮಲ್ಲಿ ನನ್ನದೊಂದು ಸಣ್ಣ ವಿನಂತಿಯಿದೆ" ಎಂದು ಸ್ಪಷ್ಟವಾಗಿ, ಗಟ್ಟಿಯಾಗಿ ನುಡಿದುಬಿಟ್ಟೆ.

ಪಕ್ಕದಲ್ಲಿ ನಿಂತಿದ್ದ ಆಟೋದವನು ಹೊರಗೆ ಬಗ್ಗಿ ನನ್ನನ್ನು ನೋಡಿದ. "ಹೇಳ್ರಿ ಸಾಹೇಬ್ರ, ಏನ್ ವಿನಂತಿ? ಮುಂದ ದಾರಿ ಬಿಡ ಅನ್ನೂದೊಂದು ಬಿಟ್ಟು ಏನ್ ಬೇಕಾದ್ರೂ ಕೇಳ್ರಿ."

ನಾನು ಗಾಜು ಇಳಿಸಿಕೊಂಡೆ.

ಈ ಚಾಳಿ ನನಗೆ ಯಾವಾಗ ಅಂಟಿತೆಂಬುದನ್ನು ಖಚಿತವಾಗಿ ಹೇಳಬಲ್ಲೆ. ನಮ್ಮ ಊರು ಟಿಕೋಟಾ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹೊಲದ ಕೆಲಸ ಹೇಗೆ ಮಾಡಬೇಕೆಂದು ಹೇಳಿಕೊಡುವವರು ಮನೆಯ ತುಂಬ ಇದ್ದರು. ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಂತು ಏನು ಹೇಳಬೇಕೆಂದು ಬಲ್ಲವರು ಒಬ್ಬರೂ ಇರಲಿಲ್ಲ. ಆದ್ದರಿಂದ ಪ್ರವೇಶ ಪಡೆಯುವ ದಿನ ಬಸ್ಸಿನಲ್ಲಿ ಕುಳಿತು, "ಮಾನ್ಯರೇ, ನಾನು ಪ್ರವೇಶಾತಿಯ ಅರ್ಜಿ ನಮೂನೆಯನ್ನು ಪಡೆಯಲು ಬಂದಿರುತ್ತೇನೆ" ಎಂಬ ವಾಕ್ಯವನ್ನು ನಾನೇ ರಚಿಸಿ, ವಿಜಯಪುರ ಬರುವವರೆಗೂ ಬಾಯಿಪಾಠ ಮಾಡಿದೆ. ಕಿಟಕಿಯ ಗುಮಾಸ್ತರು ತಲೆಯೆತ್ತಿ, "ಯಾ ಊರೋ ತಮ್ಮಾ?" ಎಂದು ಕೇಳಿದರು. ನಾನು, "ಮಾನ್ಯರೇ, ನಾನು ಪ್ರವೇಶಾತಿಯ ಅರ್ಜಿ ನಮೂನೆಯನ್ನು ಪಡೆಯಲು ಬಂದಿರುತ್ತೇನೆ" ಎಂದೆ. ಅವರು ಮತ್ತೆ, "ಅದಕ್ಕ ಯಾ ಊರು?" ಎಂದರು. ನಾನು ಮತ್ತೆ ಅದೇ ವಾಕ್ಯವನ್ನು, ಈ ಸಲ ಸ್ವಲ್ಪ ನಿಧಾನವಾಗಿ, ಹೇಳಿದೆ. ನನ್ನ ಬಳಿ ಇದ್ದುದು ಅದೊಂದೇ. "ಊರ ಕೇಳಿದ್ರ ಅರ್ಜಿ ಓದ್ತಾನಲೇ ಇಂವಾ!" ಎಂದು ಅವರು ಒಳಗಿದ್ದವರಿಗೆಲ್ಲ ಕೇಳಿಸುವಂತೆ ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈಚೆಗೆ ನನಗೊಂದು ಸಂಗತಿ ಹೊಳೆದಿದೆ. ಸಿದ್ಧ ವಾಕ್ಯಗಳಿಲ್ಲದೆ ಮಾತನಾಡಲಾರದ ಜನರ ಪೈಕಿ ನಮ್ಮ ಮನೆಯಲ್ಲಿ ನಾನೊಬ್ಬನೇ ಅಲ್ಲ.

ನನ್ನ ಮಗಳು ಚೈತ್ರಾಳಿಗೆ ಈಗ ಎಂಟು ವರ್ಷ. ಆಕೆಗೆ ಸ್ವಲೀನತೆ ಇದೆ. ಆಟಿಸಂ ಎಂದರೆ ಹೆಚ್ಚು ಜನಕ್ಕೆ ತಿಳಿಯುತ್ತದೆ. ಅದರ ವಿವರಣೆಗೂ ನನ್ನ ಬಳಿ ನಾಲ್ಕು ವಾಕ್ಯಗಳ ಒಂದು ಪರಿಚ್ಛೇದ ಸಿದ್ಧವಿದೆ. ಬಸ್ಸಿನಲ್ಲಿ, ಮದುವೆಯ ಮಂಟಪದಲ್ಲಿ, "ಹುಡುಗಿಗೆ ಏನಾಗೇದ್ರಿ?" ಎಂದು ಕೇಳಿದವರಿಗೆ ಅದನ್ನು ಒಪ್ಪಿಸುತ್ತೇನೆ. ಕೇಳಿದವರು ಸಾಮಾನ್ಯವಾಗಿ ಎರಡನೆಯ ವಾಕ್ಯದ ಹೊತ್ತಿಗೆ ಬೇರೆ ಕಡೆ ನೋಡತೊಡಗುತ್ತಾರೆ. ಇಲ್ಲಿ ಅದನ್ನು ಬಿಟ್ಟುಬಿಡುತ್ತೇನೆ. ಆಕೆಯ ಜೊತೆ ಒಂದು ದಿನ ಕಳೆದರೆ ನಿಮಗೆ ತಿಳಿಯುವಷ್ಟನ್ನು ಮಾತ್ರ ಹೇಳುತ್ತೇನೆ.

ಬೆಳಿಗ್ಗೆ ಆಕೆಯ ರೊಟ್ಟಿಯನ್ನು ನಾಲ್ಕು ಸಮಭಾಗಗಳಾಗಿ ಮುರಿಯಬೇಕು. ಜೋಳದ ರೊಟ್ಟಿ ಸಮನಾಗಿ ಮುರಿಯುವ ವಸ್ತುವಲ್ಲ. ಆದರೂ ಇಷ್ಟು ವರ್ಷಗಳಲ್ಲಿ ನಾನು ಆ ವಿದ್ಯೆಯನ್ನು ಸಾಕಷ್ಟು ಸಾಧಿಸಿದ್ದೇನೆ. ಕುಕ್ಕರಿನ ಸೀಟಿಗೆ ಮೊದಲು ಆಕೆಗೆ ಸೂಚನೆ ಕೊಡಬೇಕು. ಭಾನುವಾರ ಭೂತನಾಳದ ಕೆರೆಯ ದಂಡೆಗೆ ಹೋಗಬೇಕು; ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ, ಅವು ಅದಲುಬದಲಾಗಕೂಡದು. ಕೆರೆಯ ನೀರನ್ನು ಆಕೆ ಅರ್ಧ ತಾಸು ಅಲುಗಾಡದೆ ನೋಡುತ್ತಾಳೆ. ಏನು ಕಾಣುತ್ತದೆಂದು ತಿಳಿಯಲು ನಾನೂ ಅಷ್ಟೇ ಹೊತ್ತು ನೋಡಿದ್ದೇನೆ. ನನಗೆ ನೀರು ಕಂಡಿತು.

ಇನ್ನು ಮಾತು. ಚೈತ್ರಾ ಮೂಕಳಲ್ಲ. ಆಕೆಯ ಬಳಿ ನೂರಾರು ವಾಕ್ಯಗಳಿವೆ. ಪ್ರತಿಯೊಂದೂ ಇನ್ನೊಬ್ಬರದು, ಅವರದೇ ದನಿಯಲ್ಲಿ. ಹೆದರಿಕೆಯಾದಾಗ ಪಕ್ಕದ ಮನೆಯ ಅಜ್ಜಿಯ ದನಿಯಲ್ಲಿ, "ಬಾಗಲಾ ಹಾಕ್ರಿ, ಸೊಳ್ಳಿ ಬರ್ತಾವ" ಎನ್ನುತ್ತಾಳೆ. ಹಸಿವಾದಾಗ ಬಸ್ಸಿನ ನಿರ್ವಾಹಕನ ದನಿಯಲ್ಲಿ, "ಟಿಕೋಟಾ, ಟಿಕೋಟಾ, ಯಾರ್ರೀ ಇಳಿಯೋರು?" ಎನ್ನುತ್ತಾಳೆ. ಮೊದಲೆರಡು ತಿಂಗಳು ನಾವು ಆಕೆಗೆ ಊರಿನ ನೆನಪಾಗಿದೆಯೆಂದು ತಿಳಿದು, ಹಸಿದ ಮಗುವನ್ನು ಬಸ್ಸು ಹತ್ತಿಸಿಕೊಂಡು ಹೋಗುತ್ತಿದ್ದೆವು. ಟಿಕೋಟಾದಲ್ಲಿ ಇಳಿದ ಕೂಡಲೇ ನನ್ನ ಅವ್ವ ಊಟಕ್ಕೆ ಹಾಕುತ್ತಿದ್ದುದರಿಂದ ಸಮಸ್ಯೆ ಪರಿಹಾರವಾಗುತ್ತಿತ್ತು. ಬಸ್ಸಿನಿಂದ ಇಳಿದರೆ ಊಟ ಎಂಬ ಸಂಬಂಧವನ್ನು ಆಕೆ ಸರಿಯಾಗಿಯೇ ಹಿಡಿದಿದ್ದಳು. ಅದು ಅರ್ಥವಾಗಲು ಪದವೀಧರನಾದ ನನಗೆ ಎರಡು ತಿಂಗಳು ಬೇಕಾಯಿತು.

ಎರಡು ಶಾಲೆಗಳು ಆಕೆಯನ್ನು ಹಿಂದಿರುಗಿಸಿದ ಮೇಲೆ, ಮನೆಯ ಸಮೀಪದ ಒಂದು ಸಣ್ಣ ಶಾಲೆ ಎರಡನೆಯ ತರಗತಿಗೆ ಸೇರಿಸಿಕೊಂಡಿತು. ಜೂನಿನಿಂದ ದಸರೆಯವರೆಗೆ ಚೈತ್ರಾ ಅಲ್ಲಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತಳು. ಬೆಳಿಗ್ಗೆ ತಾನೇ ಚೀಲ ತೊಟ್ಟು ಬಾಗಿಲಲ್ಲಿ ನಿಲ್ಲುವಷ್ಟು ಆಕೆಗೆ ಆ ಬೆಂಚು ಒಗ್ಗಿತ್ತು. ದಸರೆಯ ರಜೆಯ ಹಿಂದಿನ ದಿನ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆಸಿದರು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಮಾತನಾಡುವ, ಕಟ್ಟುನಿಟ್ಟಿನ ಹೆಂಗಸು ಅವರು.

"ನಿಮ್ಮ ಹುಡುಗಿ ಶ್ಯಾಣ್ಯಾ ಅದಾಳ್ರಿ, ಇಲ್ಲ ಅನ್ನಂಗಿಲ್ಲ. ಅಕ್ಷರ ಮುತ್ತಿನಂಗ ಬರೀತಾಳ. ಆದ್ರ ನಾಕ ತಿಂಗಳಾತು, ಹಾಜರಿ ಕರದ್ರ ಒಂದಿನಾನೂ ಓ ಅಂದಿಲ್ಲ. ಉಳದ ಪಾಲಕರು ಕೇಳಾಕತ್ತಾರ, ಈಕಿನ್ನ ಹ್ಯಾಂಗ ಇಟ್ಕೊಂಡೀರಿ ಅಂತ. ನಾ ಅವರಿಗೆ ಏನರ ತೋರಸಬೇಕಲ್ರಿ?"

ನಾನು ತಲೆಯಾಡಿಸಿದೆ.

"ಸೂಟಿ ಮುಗದ ಮ್ಯಾಲ ಒಂದ ವಾರ ನೋಡ್ತೀನಿ. ಹೆಸರು ಕರದಾಗ ಹಾಜರಿ ಹೇಳಿದ್ರ ಇರಲಿ. ಇಲ್ಲಂದ್ರ ನೀವು ಬ್ಯಾರೆ ಕಡೆ ನೋಡ್ಕೋರಿ."

ಕಾನೂನು ನನ್ನ ಮಗಳ ಪರವಾಗಿದೆ ಎಂಬುದು ನನಗೆ ಗೊತ್ತಿತ್ತು. ಅದರ ಬಗ್ಗೆಯೂ ಒಂದು ಪರಿಚ್ಛೇದ ಸಿದ್ಧವಿತ್ತು. ಆದರೆ ಕಾನೂನು ಮಗುವನ್ನು ಬಾಗಿಲೊಳಗೆ ಸೇರಿಸಬಹುದು. ಒಳಗೆ ಆಕೆಯ ಪಕ್ಕದಲ್ಲಿ ಕೂರುವ ಮಕ್ಕಳನ್ನೂ ಆಕೆಯ ಕಡೆ ತಿರುಗಿ ನಗುವ ಟೀಚರನ್ನೂ ಅದು ಕೊಡಲಾರದು. ಮೂರನೆಯ ಶಾಲೆಯ ಬಾಗಿಲೂ ಮುಚ್ಚಿದರೆ ವಿಜಯಪುರದಲ್ಲಿ ನಾಲ್ಕನೆಯದನ್ನು ಎಲ್ಲಿ ಹುಡುಕಲಿ ಎಂಬ ಯೋಚನೆಯಲ್ಲಿ, "ಆಗಲಿ, ತಮ್ಮ ಸಲಹೆಯಂತೆ ಪ್ರಯತ್ನಿಸುತ್ತೇವೆ" ಎಂದು ಹೇಳಿ ಬಂದೆ.

ಪ್ರಯತ್ನ ಅಂದೇ ಆರಂಭವಾಯಿತು. ನಡುಮನೆಯಲ್ಲಿ ತಂಬಿಗೆ, ಗಂಗಾಳ, ಚಮಚೆ, ಎರಡು ಗೊಂಬೆಗಳನ್ನು ಸಾಲಾಗಿ ಕೂರಿಸಿ, ಕೊನೆಯಲ್ಲಿ ಚೈತ್ರಾಳನ್ನು ಕೂರಿಸಿದೆ. ಗೆರೆ ಹಾಕಿದ ನೋಟುಪುಸ್ತಕದಲ್ಲಿ ಎಲ್ಲರ ಹೆಸರನ್ನೂ ಬರೆದುಕೊಂಡೆ. ನನ್ನ ಹೆಂಡತಿ ಸುಮಿತ್ರಾ ಒಂದು ಚಿಕಿತ್ಸಾಲಯದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ದಣಿದು ಬಂದಿದ್ದರೂ ಪಾತ್ರೆಗಳ ಪರವಾಗಿ ಉತ್ತರಿಸಲು ಒಪ್ಪಿದಳು. ಇಲ್ಲಿ ನಾನು ಮಾಡಿದ ಮೊದಲ ಪ್ರಮಾದವನ್ನು ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ಮಕ್ಕಳು "ಎಸ್ ಟೀಚರ್" ಎನ್ನುತ್ತಾರೆಂದು ತಿಳಿದಿದ್ದರೂ, ಕಲಿಸುವುದಾದರೆ ಶುದ್ಧವಾದದ್ದನ್ನೇ ಕಲಿಸಬೇಕೆಂದು ನಿರ್ಧರಿಸಿ, "ಉಪಸ್ಥಿತಳಿದ್ದೇನೆ" ಎಂಬುದನ್ನು ಆರಿಸಿಕೊಂಡೆ.

"ತಂಬಿಗೆ?" ಎಂದು ಕರೆದೆ.

"ಉಪಸ್ಥಿತಳಿದ್ದೇನೆ," ಎಂದಳು ಸುಮಿತ್ರಾ, ಆಕಳಿಸುತ್ತ.

"ಗಂಗಾಳ?"

"ಗಂಗಾಳ ಗಂಡಸೋ ಹೆಂಗಸೋ, ಮೊದಲ ಹೇಳ್ರಿ. ಆಮ್ಯಾಲ ಉಪಸ್ಥಿತ ಆಗ್ತದ."

"ತಮಾಷೆ ಮಾಡಬೇಡ. ಚೈತ್ರಾ?"

ಚೈತ್ರಾ ಎದ್ದು, ಗಂಗಾಳವನ್ನು ನೆಲದ ಮೇಲೆ ಗಿರ್ರನೆ ತಿರುಗಿಸಿ, ಅದು ನಿಲ್ಲುವವರೆಗೂ ನೋಡಿ, ಅಡುಗೆಮನೆಗೆ ಹೊರಟುಹೋದಳು. ನಾಲ್ಕು ದಿನ ಹೀಗೆಯೇ ನಡೆಯಿತು. ಐದನೆಯ ದಿನ ಸುಮಿತ್ರಾ ನೋಟುಪುಸ್ತಕವನ್ನು ತಿರುವಿ ನೋಡಿ, "ನಿಮ್ಮ ಸಾಲ್ಯಾಗ ತಂಬಿಗಿ, ಚಮಚ ಎಲ್ಲಾ ಪಾಸ್ ಆಗ್ಯಾವು. ಇನ್ನ ಅವನ್ನ ಕಾಲೇಜಿಗೆ ಹಚ್ಚರಿ," ಎಂದಳು. ನಾನು ನೋಟುಪುಸ್ತಕವನ್ನು ಮುಚ್ಚಿಟ್ಟೆ.

ವಿಜಯದಶಮಿಯ ದಿನ ಬನ್ನಿ ಕೊಡುವ ಪದ್ಧತಿ ನಿಮಗೆ ಗೊತ್ತೇ ಇದೆ. ಕಿರಿಯರು ಹಿರಿಯರ ಕೈಗೆ ಬನ್ನಿಯ ಎಲೆ ಕೊಟ್ಟು ನಮಸ್ಕರಿಸುತ್ತಾರೆ. ಬಂಗಾರದಂತೆ ಇರೋಣವೆಂದು ಹೇಳುತ್ತಾರೆ. ಹಿರಿಯರೂ ಅದನ್ನೇ ಮರಳಿ ಹೇಳುತ್ತಾರೆ. ಜನಜಂಗುಳಿಯೆಂದು ಮೂರು ವರ್ಷಗಳಿಂದ ಆ ದಿನ ನಾವು ಬಾಗಿಲು ಹಾಕಿಕೊಂಡು ಮನೆಯಲ್ಲಿಯೇ ಇದ್ದುಬಿಡುತ್ತಿದ್ದೆವು. ಈ ಸಲ ಅವ್ವ ಫೋನಿನಲ್ಲಿ ಕೇಳಿದಳು: "ಮೊಮ್ಮಗಳನ್ನ ಕರಕೊಂಡು ಬರ್ತೀಯೋ, ನಾನ ಬಸ್ ಹತ್ತಲ್ಯೋ?" ನಾನು, "ಅವ್ವಾ, ಜನಸಂದಣಿಯಲ್ಲಿ ಆಕೆಗೆ ಇಂದ್ರಿಯಗಳ ಒತ್ತಡ ಹೆಚ್ಚಾಗುತ್ತದೆ" ಎಂದು ವಿವರಿಸತೊಡಗಿದೆ. "ಯಪ್ಪಾ, ನನ್ನ ಮುಂದ ಪುಸ್ತಕ ಓದಬ್ಯಾಡ. ಬಾ," ಎಂದು ಫೋನಿಟ್ಟಳು.

ಹೋದೆವು. ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಕೊಂಡು ಚೈತ್ರಾ ಪಡಸಾಲೆಯ ಕಂಬದ ಹಿಂದೆ ಕುಳಿತಳು. ಮುಚ್ಚಳ ಗದ್ದಲವನ್ನು ತಗ್ಗಿಸುತ್ತದೆ, ಹತ್ತಿರದ ಮಾತನ್ನು ಪೂರ್ತಿ ಮುಚ್ಚುವುದಿಲ್ಲ. ಸಂಜೆಯವರೆಗೆ ಓಣಿಯ ಜನ ಬರುತ್ತಲೇ ಇದ್ದರು. ಪ್ರತಿಯೊಬ್ಬರೂ ಒಳಗೆ ಬಂದರು, ಎಲೆ ಕೊಟ್ಟರು, ಒಂದೇ ಮಾತು ಆಡಿದರು, ಅದೇ ಮಾತು ಕೇಳಿಸಿಕೊಂಡರು, ಹೋದರು. ನನಗೆ ಥಟ್ಟನೆ ಹೊಳೆಯಿತು: ಇಡೀ ಊರೇ ಈ ದಿನ ನನ್ನ ಮಗಳಂತೆ ಮಾತನಾಡುತ್ತಿದೆ! ಯಾರೂ ಯಾರನ್ನೂ, "ಅದನ್ನೇ ಯಾಕೆ ಮತ್ತೆ ಮತ್ತೆ ಹೇಳುತ್ತೀ?" ಎಂದು ಕೇಳುತ್ತಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎದುರುಮನೆಯ ಬಸಪ್ಪ ಕಾಕಾ ಬಂದರು. ಚೈತ್ರಾ ಕಂಬದ ಹಿಂದಿನಿಂದ ಎದ್ದು ಬಂದು, ಪರಾತದಲ್ಲಿದ್ದ ಎಲೆಗಳಿಂದ ಒಂದನ್ನು ಆರಿಸಿ, ಅವರ ಅಂಗೈಯಲ್ಲಿಟ್ಟು, ನನ್ನ ಅವ್ವನ ಒಡಕು ದನಿಯಲ್ಲಿ ಹೇಳಿದಳು: "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ."

"ಅಯ್ಯ, ನನ್ನ ದನೀನ ಕದ್ದಾಳ!" ಎಂದು ಅವ್ವ ಕೂಗಿದಳು.

"ಭೇಷ್! ಭೇಷ್ ನನ್ನ ಮಗಳ!" ಎಂದರು ಕಾಕಾ.

ಚೈತ್ರಾ ಕದಲಲಿಲ್ಲ. ಅವರ ಮುಖದ ಕಡೆ ನೋಡದೆ, ಅವರ ಅಂಗೈಯನ್ನೇ ನೋಡುತ್ತ ನಿಂತಳು. ಕಾಕಾ ಮತ್ತೆ ಭೇಷ್ ಎಂದರು. ಆಕೆ ನಿಂತಲ್ಲೇ ತೂಗಾಡತೊಡಗಿದಳು. ಅಳು ಬರುವ ಮೊದಲಿನ ಲಕ್ಷಣ ಅದು. ನಾನು ಎತ್ತಿಕೊಳ್ಳಲು ಮುಂದಾಗುವಷ್ಟರಲ್ಲಿ ಆಕೆಯೇ, ಈ ಸಲ ಯಾರೋ ಗಂಡಸಿನ ದಪ್ಪ ದನಿಯಲ್ಲಿ, "ಹೂಂ, ಬಂಗಾರದಂಗ ಇರೋಣು" ಎಂದು ಕಾಕಾನ ಪರವಾಗಿ ಉತ್ತರ ಕೊಟ್ಟುಕೊಂಡು, ಸಮಾಧಾನವಾಗಿ ಕಂಬದ ಹಿಂದೆ ಹೋಗಿ ಕುಳಿತಳು.

ಮನೆಯವರೆಲ್ಲ ಸಂಭ್ರಮಪಟ್ಟರು. ನನ್ನನ್ನು ಮಾತ್ರ ಒಂದು ಪ್ರಶ್ನೆ ಹಿಡಿದುಕೊಂಡಿತು. ಆಕೆ ತನ್ನ ವಾಕ್ಯವನ್ನಷ್ಟೇ ಕಲಿತಿರಲಿಲ್ಲ. ಎದುರಿನವರ ವಾಕ್ಯವನ್ನೂ ಕಲಿತಿದ್ದಳು. ಸಂಭಾಷಣೆಯೆಂದರೆ ಆಕೆಗೆ ಎರಡು ತುಂಡು ಸೇರಿದ ಒಂದು ಇಡಿಯಾದ ವಸ್ತು. ಒಂದು ತುಂಡು ಬಾರದಿದ್ದರೆ ಸಹಿಸಲಾರಳು. ಹಾಗಿದ್ದರೆ ಹಾಜರಿಯಲ್ಲಿ ನಾಲ್ಕು ತಿಂಗಳು ಉತ್ತರದ ತುಂಡು ಇಲ್ಲದಿದ್ದುದನ್ನು ಹೇಗೆ ಸಹಿಸಿಕೊಂಡಳು?

ಅದಕ್ಕೆ ಉತ್ತರ ಬಬಲೇಶ್ವರದಲ್ಲಿ ಸಿಕ್ಕಿತು. ಅದು ಸುಮಿತ್ರಾಳ ತವರು. ಮರುದಿನ ಅಲ್ಲಿಗೆ ಹೋದೆವು. ಆಕೆಯ ಅಣ್ಣನಿಗೆ ದ್ರಾಕ್ಷಿ ತೋಟವಿದೆ. ತೋಟದ ಪಕ್ಕದಲ್ಲಿ ಮಣೂಕ ಮಾಡುವ ಶೆಡ್ಡು. ಬೇಸಿಗೆಯಲ್ಲಿ ಬಲೆಯ ಹಂತಗಳ ಮೇಲೆಲ್ಲ ದ್ರಾಕ್ಷಿ ಒಣಗುವ ಆ ಜಾಗ ದಸರೆಯ ಹೊತ್ತಿಗೆ ಬರಿದಾಗಿರುತ್ತದೆ. ಕಬ್ಬಿಣದ ಕಂಬಗಳ ಸಾಲು, ಮಡಚಿಟ್ಟ ಬಲೆ, ಒಂದಿಷ್ಟು ಹುಳಿಸಿಹಿಯ ಹಳೆಯ ವಾಸನೆ. ಚೈತ್ರಾಳಿಗೆ ಅದಕ್ಕಿಂತ ಪ್ರಿಯವಾದ ಸ್ಥಳ ಬೇರೆಯಿಲ್ಲ. ಮಧ್ಯಾಹ್ನ ಆಕೆಯನ್ನು ಹುಡುಕಿಕೊಂಡು ಹೋದಾಗ, ಆಕೆ ಒಂದೊಂದೇ ಕಂಬವನ್ನು ಅಂಗೈಯಿಂದ ಮುಟ್ಟುತ್ತ ನಡೆಯುತ್ತಿದ್ದಳು. ಮುಟ್ಟಿದಾಗಲೆಲ್ಲ ಏನೋ ಹೇಳುತ್ತಿದ್ದಳು. ನಾನು ಮಡಚಿದ ಬಲೆಯ ಹಿಂದೆ ನಿಂತೆ.

"ಅಭಿಷೇಕ," ಎಂದಿತು ಸವಿತಾ ಟೀಚರ್ ದನಿ. ಚೈತ್ರಾಳ ತರಗತಿಯ ಟೀಚರ್ ಅವರು, ಚಿಕ್ಕ ವಯಸ್ಸಿನವರು.

"ಎಸ್ ಟೀಚರ್," ಎಂದಿತು ನೆಗಡಿಯಾದ ಹುಡುಗನ ದನಿ.

ಕಂಬದ ನಂತರ ಕಂಬ. ಹುಡುಗರೆಲ್ಲ ಮುಗಿದು ಹುಡುಗಿಯರು ಬಂದರು. ಒಬ್ಬಳು ರಾಗ ಎಳೆದಳು, ಒಬ್ಬಳು ಅರ್ಧವನ್ನೇ ನುಂಗಿದಳು. ಇಪ್ಪತ್ತೆರಡನೆಯವಳು ಕಾವೇರಿ, ಆಕೆ ಪಿಸುಗುಟ್ಟಿದಳು. ಚೈತ್ರಾ ಮುಂದಿನ ಕಂಬ ಮುಟ್ಟಿದಳು.

"ಚೈತ್ರಾ," ಎಂದಿತು ಟೀಚರ್ ದನಿ.

ಆಕೆ ಸುಮ್ಮನೆ ನಿಂತಳು. ಒಂದು, ಎರಡು, ಮೂರು ಉಸಿರಿನಷ್ಟು ಹೊತ್ತು. ಆಮೇಲೆ ಟೀಚರ ದನಿಯಲ್ಲಿಯೇ ಒಂದು ನಿಟ್ಟುಸಿರು, "ಹೂಂ, ಅದಾಳ," ಎಂಬ ಗೊಣಗು. ನಂತರ ಮುಂದಿನ ಕಂಬ: "ತಬಸ್ಸುಮ್." ಮತ್ತು ಕಿವಿ ಸೀಳುವ ಕೀಚಲು ದನಿಯಲ್ಲಿ, "ಎಸ್ ಟೀಚರ್!"

ಪಟ್ಟಿ ಮುಗಿದ ಮೇಲೆ ಆಕೆ ಮೊದಲ ಕಂಬಕ್ಕೆ ಹೋಗಿ ಮತ್ತೆ ಆರಂಭಿಸಿದಳು. ನಾನು ಮೂರು ಸಲ ಕೇಳಿದೆ. ಮೂರು ಸಲವೂ ಇಪ್ಪತ್ಮೂರನೆಯ ಕಂಬದ ಬಳಿ ಮೌನ ಅಷ್ಟೇ ಉದ್ದವಿತ್ತು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ.

ಸುಮಿತ್ರಾಳನ್ನು ಕರೆದುಕೊಂಡು ಬಂದು ಕೇಳಿಸಿದೆ. ಆಕೆ ಬಲೆಯ ಮೇಲೆ ಕುಳಿತು ಪಟ್ಟಿ ಮುಗಿಯುವವರೆಗೂ ಕೇಳಿದಳು.

"ಅಂದ್ರ ಆಕೀದೇನ ತಪ್ಪಿಲ್ಲಲ್ರಿ," ಎಂದಳು ಕೊನೆಗೆ. "ಆಕಿ ದಿನಾ ಹಾಜರಿ ಹೇಳಾಕತ್ತಾಳ. ಸುಮ್ನಿರೂದ ಆಕೀ ಪಾಳಿ ಅಂತ ತಿಳಕೊಂಡಾಳ. ಮೊದಲನೇ ದಿನ ಅಂಜಿ ಸುಮ್ನ ಇದ್ಲು, ಟೀಚರ್ ಅದಾಳ ಅಂದ್ರು, ಅಲ್ಲಿಗೆ ಅದು ಪಕ್ಕಾ ಆತು."

"ಹಾಗಾದರೆ ಆ ಮೌನದ ಜಾಗದಲ್ಲಿ ಒಂದು ಉತ್ತರವನ್ನು ಆಕೆ ಕೇಳಬೇಕು. ಯಾರಾದರೂ ಒಬ್ಬರು ಅಲ್ಲಿ ಉತ್ತರಿಸಬೇಕು," ಎಂದೆ.

"ಯಾರು?"

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಆಕೆಯ ಕೆಲಸ ಬೆಳಿಗ್ಗೆ ಏಳಕ್ಕೇ ಆರಂಭವಾಗುತ್ತದೆ. "ನಾಕ ದಿನಾ ತಂಬಿಗಿ ಹಾಜರಿ ನಾ ಹೇಳೀನಿ," ಎಂದಳು ಸುಮಿತ್ರಾ. "ಇನ್ನ ನಿಮ್ಮ ಪಾಳಿ."

ಶಾಲೆ ಆರಂಭವಾದ ದಿನ ಚೈತ್ರಾಳನ್ನು ಗಾಡಿಯ ಮುಂದೆ ನಿಲ್ಲಿಸಿಕೊಂಡು, ದಾರಿಯುದ್ದಕ್ಕೂ ಆರು ವಾಕ್ಯಗಳನ್ನು ಸಿದ್ಧಪಡಿಸಿದೆ. ಮೊದಲನೆಯದರಲ್ಲಿ ಶಾಲೆಯ ಸೇವೆಯ ಶ್ಲಾಘನೆ, ಎರಡನೆಯದರಲ್ಲಿ ಪ್ರತಿಧ್ವನಿ ಮಾತಿನ ಸ್ವರೂಪ, ಹೀಗೆ. ಮುಖ್ಯೋಪಾಧ್ಯಾಯಿನಿಯವರು ಕನ್ನಡಕ ಏರಿಸಿ, "ಏನಾತ್ರಿ? ಹೇಳ್ತಾಳೇನ್ ಹಾಜರಿ?" ಎಂದರು. ನಾನು ಬಾಯಿ ತೆರೆದೆ. ಆರರಲ್ಲಿ ಒಂದೂ ಇರಲಿಲ್ಲ.

"ಇಲ್ರಿ," ಎಂದೆ. "ಆದ್ರ ಯಾಕ ಹೇಳಂಗಿಲ್ಲ ಅಂತ ಗೊತ್ತಾಗೇದ್ರಿ." ಶೆಡ್ಡಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಸವಿತಾ ಟೀಚರ್ ಪಕ್ಕದಲ್ಲಿಯೇ ನಿಂತಿದ್ದರು. ತಮ್ಮ ನಿಟ್ಟುಸಿರಿನ ಸಂಗತಿ ಬಂದಾಗ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಮೂರ ದಿನಾ ನನ್ನ ಆಕೀ ಬಾಜೂಕ ಕೂಡ್ರಸ್ರಿ. ಆಕೀ ಹೆಸರು ಕರದಾಗ ನಾ ಓ ಅಂತೀನಿ. ಆಕಿ ಕೇಳಲಿ."

"ನೀವು? ಎರಡನೇತ್ತಾ ಕ್ಲಾಸಿನ್ಯಾಗ?"

"ಹೌದ್ರಿ."

"ಬೆಂಚ್ ತಡೀಬೇಕಲ್ರಿ," ಎಂದರು ಸವಿತಾ ಟೀಚರ್.

ಮುಖ್ಯೋಪಾಧ್ಯಾಯಿನಿಯವರು ನಗಲಿಲ್ಲ. "ನೀವು ಓ ಅಂದ್ರ ಅದು ನಿಮ್ಮ ಹಾಜರಿ ಆತು. ಆಕೀದು ಹ್ಯಾಂಗಾತು? ನಾಳೆ ಆಕಿ ಹೇಳಿದ್ರೂ, ಅದು ನಿಮ್ಮ ಮಾತು. ಆಕೀ ಮಾತಲ್ಲ."

ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಸಿದ್ಧವಾದ ಉತ್ತರ ನನ್ನಲ್ಲಿರಲಿಲ್ಲ. ಆದ್ದರಿಂದ ಇದ್ದದ್ದನ್ನು ಹೇಳಿದೆ.

"ಮೇಡಂ, ನಂದೂ ಹಂಗ ಅದರಿ. ನಾ ಟಿಕೋಟಾದಿಂದ ಕಾಲೇಜಿಗೆ ಬಂದಾಗ ಒಂದ ಮಾತ ಸೈತ ನಂದಿರಲಿಲ್ಲ. ಎಲ್ಲಾ ಅವರಿವರ ಬಾಯಾಗಿಂದ ಎತ್ತಿಕೊಂಡ ಮಾತು. ನಿಮ್ಮ ಮುಂದ ಆಡಾಕ ಅಂತ ಇವತ್ತೂ ದಾರಿ ತುಂಬ ಬಾಯಿಪಾಠ ಮಾಡ್ಕೊಂಡ ಬಂದೇನಿ, ಒಂದೂ ನೆನಪಾಗವಲ್ದು. ಎರವಲು ಮಾತು ಆಡಿ ಆಡೀನ ನಾ ನೌಕರಿ ಹಿಡದೀನ್ರಿ. ಆಕಿಗೆ ಬರೇ ಎರಡ ಶಬ್ದ ಎರವಲು ಬೇಕಾಗ್ಯಾವು."

ನನ್ನ ಊರಿನ ಮಾತನ್ನು ಒಬ್ಬ ಅಧಿಕಾರಸ್ಥರ ಮುಂದೆ ಅಷ್ಟು ಉದ್ದ ಆಡಿದ್ದು ಜೀವಮಾನದಲ್ಲಿ ಅದೇ ಮೊದಲು. ಕೂಡಲೇ ಭಯವಾಯಿತು. ಅವರು ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ನನ್ನನ್ನು ನೋಡಿದರು.

"ಎರಡ ದಿನಾ ಒಳಗ ಕೂಡ್ರಿ. ಮೂರನೇ ದಿನಾ ಹೊರಗ. ಅವತ್ತ ನಾನೂ ಬಂದು ನೋಡ್ತೀನಿ," ಎಂದರು.

ಎರಡನೆಯ ತರಗತಿಯ ಬೆಂಚಿನಲ್ಲಿ ಮೊಣಕಾಲುಗಳನ್ನು ಎಲ್ಲಿ ಇಡಬೇಕೆಂಬುದು ಸುಲಭವಾಗಿ ಬಗೆಹರಿಯುವ ವಿಷಯವಲ್ಲ. ಹಿಂದಿನ ಬೆಂಚಿನಿಂದ ತಬಸ್ಸುಮ್ ನನ್ನ ಬೆನ್ನು ತಟ್ಟಿ, "ಅಂಕಲ್, ನಿಮ್ಮ ತಲಿ ಅಡ್ಡ ಬರಾಕತ್ತದ, ಬೋರ್ಡ್ ಕಾಣವಲ್ದು," ಎಂದು ದೂರಿದಳು. ನಾನು ತಲೆ ತಗ್ಗಿಸಿದೆ. ಹಾಜರಿ ಆರಂಭವಾಯಿತು. ನಲವತ್ತರ ಹತ್ತಿರದ, ಸಂಸಾರವಂದಿಗನಾದ ನನ್ನ ಎದೆ ಹದಿನೇಳರ ಹುಡುಗನ ಎದೆಯಂತೆ ಹೊಡೆದುಕೊಳ್ಳತೊಡಗಿತು. ಕಾವೇರಿ ಪಿಸುಗುಟ್ಟಿದಳು.

"ಚೈತ್ರಾ."

ಒಮ್ಮೆ ಕೆಮ್ಮಿ, ಗಂಟಲು ಸರಿಪಡಿಸಿಕೊಂಡು, "ಎಸ್ ಟೀಚರ್" ಎಂದೆ. ಕೊನೆಯ ಅಕ್ಷರ ನಡುಗಿತು. ತರಗತಿ ಹೋ ಎಂದು ನಕ್ಕಿತು. ಚೈತ್ರಾ ತಿರುಗಿ ತನ್ನ ಪುಟ್ಟ ಅಂಗೈಯಿಂದ ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದಳು. ಆಮೇಲೆ ಬೆಂಚಿಗೆ ಹಣೆ ಬಡಿದುಕೊಳ್ಳತೊಡಗಿದಳು. ನಾನು ಬೆಂಚಿನ ಅಂಚಿಗೆ ನನ್ನ ಅಂಗೈ ಒಡ್ಡಿದೆ. ಆಕೆ ನಾಲ್ಕು ತಿಂಗಳು ಜೋಪಾನವಾಗಿ ಕಾಯ್ದುಕೊಂಡಿದ್ದ ಮೌನವನ್ನು ಒಬ್ಬ ತಂದೆ ಎಲ್ಲರ ಎದುರು ಒಡೆದುಹಾಕಿದ್ದ. ಆ ದಿನ ಆಕೆ ಊಟ ಮಾಡಲಿಲ್ಲ. ಸಂಜೆ ಮನೆಯಲ್ಲಿ ಹಾಜರಿಯನ್ನು ಒಪ್ಪಿಸಲೂ ಇಲ್ಲ. ಮಗಳಿಗೆ ಇಷ್ಟವಾಗಿದ್ದ ಒಂದೇ ಶಾಲೆಯನ್ನು ನಾನೇ ಕೆಡಿಸಿದೆನೇ ಎಂಬ ಸಂಕಟದಲ್ಲಿ ನನಗೂ ಊಟ ಸೇರಲಿಲ್ಲ.

ಬೆಳಿಗ್ಗೆ ಆಕೆ ಚೀಲ ತೊಟ್ಟು ಬಾಗಿಲಲ್ಲಿ ನಿಲ್ಲುತ್ತಾಳೋ ಇಲ್ಲವೋ ಎಂದು ನಾನು ಅಡುಗೆಮನೆಯಿಂದ ಇಣುಕಿ ನೋಡಿದೆ. ನಿಂತಳು.

ಎರಡನೆಯ ದಿನವೂ ಕೆಮ್ಮಿದೆ. ಎರಡನೆಯ ದಿನವೂ ದನಿ ನಡುಗಿತು. ಮಕ್ಕಳು ಕಡಿಮೆ ನಕ್ಕರು. ಚೈತ್ರಾ ಬಾಯಿ ಮುಚ್ಚಲಿಲ್ಲ. ನನ್ನ ಗಂಟಲನ್ನು, ಭೂತನಾಳದ ನೀರನ್ನು ನೋಡುವ ಹಾಗೆ, ಕದಲದೆ ನೋಡಿದಳು.

ಮೂರನೆಯ ದಿನ ನಾನು ಹೊರಗೆ, ಜಗುಲಿಯಲ್ಲಿ, ಕಿಟಕಿಯಿಂದ ಎರಡು ಹೆಜ್ಜೆ ದೂರ ನಿಂತೆ. ಮುಖ್ಯೋಪಾಧ್ಯಾಯಿನಿಯವರು ನನ್ನ ಪಕ್ಕದಲ್ಲಿ ನಿಂತರು. ಹೆಸರುಗಳು ಒಂದೊಂದಾಗಿ ಸರಿದವು.

"ಚೈತ್ರಾ."

ಒಂದು ಉಸಿರು. ಎರಡು ಉಸಿರು. ನಾನು ನೆಲ ನೋಡಿದೆ. ಆಗ ಒಳಗೆ ಯಾರೋ ಒಬ್ಬ ಗಂಡಸು ಕೆಮ್ಮಿದ, ಗಂಟಲು ಸರಿಪಡಿಸಿಕೊಂಡ, "ಎಸ್ ಟೀಚರ್," ಎಂದ. ಕೊನೆಯ ಅಕ್ಷರ ನಡುಗಿತು.

ಸವಿತಾ ಟೀಚರ್ ಸಿಟ್ಟಿನಿಂದ ಕಿಟಕಿಗೆ ಬಂದರು. "ಸರ್, ನಿಮಗ ಹೇಳೀನಲ್ರಿ, ಇವತ್ತ ನೀವು ಅನ್ನಬ್ಯಾಡ್ರಿ ಅಂತ!"

"ನಾ ಅಲ್ರಿ," ಎಂದೆ.

"ಅವರಲ್ಲ," ಎಂದರು ಮುಖ್ಯೋಪಾಧ್ಯಾಯಿನಿಯವರು, ಮೆಲ್ಲಗೆ. "ನಾ ಇವರ ಬಾಜೂಕ ನಿಂತೀನಿ."

ಟೀಚರ್ ತಿರುಗಿ ನೋಡಿದರು. ಚೈತ್ರಾ ಕಿಟಕಿಯ ಸರಳುಗಳನ್ನು ಬೆರಳಿನಿಂದ ಎಣಿಸುತ್ತಿದ್ದಳು. ಟೀಚರ್ ಮೇಜಿಗೆ ಹೋಗಿ, ಪಟ್ಟಿಯಲ್ಲಿ ಗುರುತು ಹಾಕಿ, ತಮ್ಮ ದನಿಯನ್ನು ಸರಿಮಾಡಿಕೊಂಡು ಮುಂದಿನ ಹೆಸರು ಕರೆದರು.

"ತಬಸ್ಸುಮ್."

ಉತ್ತರ ಬರಲಿಲ್ಲ. ತಬಸ್ಸುಮ್ ಬೆಂಚಿನ ಮೇಲೆ ಅರ್ಧ ಎದ್ದು ನಿಂತು, ಬಾಯಿ ತೆರೆದುಕೊಂಡು ಚೈತ್ರಾಳನ್ನೇ ನೋಡುತ್ತಿದ್ದಳು. ಒಂದು ಉಸಿರಿನಷ್ಟು ಹೊತ್ತು ಯಾರೂ ಏನೂ ಅನ್ನಲಿಲ್ಲ. ಆ ಖಾಲಿ ಜಾಗವನ್ನು ತಾಳಲಾರದ ನನ್ನ ಮಗಳು, ಸರಳುಗಳಿಂದ ಕಣ್ಣು ತೆಗೆಯದೆ, ಕಿವಿ ಸೀಳುವ ಕೀಚಲು ದನಿಯಲ್ಲಿ, "ಎಸ್ ಟೀಚರ್!" ಎಂದಳು.

"ಟೀಚರ್!" ಎಂದು ತಬಸ್ಸುಮ್ ಕೂಗಿದಳು. "ನಂದೂ ಆಕೀನ ಹೇಳಿಬಿಟ್ಲು ನೋಡ್ರಿ! ಆಕಿಗೆ ಬೈರಿ!"

ತರಗತಿಯ ತುಂಬ ಗದ್ದಲವೆದ್ದಿತು. ಮುಖ್ಯೋಪಾಧ್ಯಾಯಿನಿಯವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು; ಬಹಳ ಹೊತ್ತು ಒರೆಸಿದರು.

"ನಾಳಿಂದ ನೀವು ಆಫೀಸಿಗೆ ಹೋಗ್ರಿ," ಎಂದರು. "ಆಕಿ ಸಾಲಿಗೆ ಬರಲಿ."